ಕೆನಡಾದಲ್ಲಿ ಸಂಬಳವಿಲ್ಲದ ಪ್ಲೇಸ್‌ಮೆಂಟ್: ಒಪ್ಪಿಕೊಂಡರೆ ಕೆಲಸದ ದಾರಿ ನಿಜವಾಗಿಯೂ ತೆರೆಯುತ್ತದೆಯೇ?

ಧಾರವಾಡದ ಸ್ಟ್ರಕ್ಚರಲ್
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಹಲವು ವರ್ಷ ಕಟ್ಟಡಗಳ ಸ್ಟ್ರಕ್ಚರಲ್ ಡಿಸೈನ್ ಮಾಡಿ, ಎಕ್ಸ್‌ಪ್ರೆಸ್ ಎಂಟ್ರಿ ಎಂಬ ಅಂಕಾಧಾರಿತ ವಲಸೆ ವ್ಯವಸ್ಥೆಯ ಮೂಲಕ ಪಿಆರ್ (ಕಾಯಂ ವಾಸದ ಹಕ್ಕು) ಪಡೆದು, ಕುಟುಂಬದೊಂದಿಗೆ ಒಂಟಾರಿಯೊ ಪ್ರಾಂತ್ಯದ ಬ್ರಾಂಪ್ಟನ್‌ಗೆ ಬಂದಿದ್ದೇನೆ. ಸದ್ಯಕ್ಕೆ ಗೋದಾಮೊಂದರಲ್ಲಿ ರಾತ್ರಿ ಪಾಳಿಯ ಕೆಲಸ. ನನ್ನ ಓದಿಗೂ ಅನುಭವಕ್ಕೂ ಅಂಕ ಕೊಟ್ಟು ಕರೆಸಿಕೊಂಡ ದೇಶದಲ್ಲಿಯೇ, ಹೋದ ಕಡೆಯೆಲ್ಲ "ನಿಮಗೆ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇಲ್ಲವಲ್ಲ" ಎಂಬ ಮಾತನ್ನೇ ಕೇಳುತ್ತಿದ್ದೇನೆ.

ಈಗ ಒಂದು ಸಣ್ಣ ಡಿಸೈನ್ ಕಚೇರಿಯವರು, ಮೂರು ತಿಂಗಳು ಸಂಬಳವಿಲ್ಲದೆ ಪ್ಲೇಸ್‌ಮೆಂಟ್ (ಅನುಭವಕ್ಕಾಗಿ ಮಾಡುವ ತಾತ್ಕಾಲಿಕ ಕೆಲಸ) ಮಾಡಿ, ಆಮೇಲೆ ನೋಡೋಣ ಎಂದಿದ್ದಾರೆ. ವಾರಕ್ಕೆ ಐದು ದಿನ, ಪೂರ್ತಿ ಹೊತ್ತು. ಬೇಸ್‌ಮೆಂಟ್ ಮತ್ತು ಮನೆ ವಿಸ್ತರಣೆಯ ಪರ್ಮಿಟ್ ನಕ್ಷೆಗಳನ್ನು ಸಿದ್ಧಪಡಿಸುವ ಕೆಲಸ. ಸ್ನೇಹಿತರೊಬ್ಬರು ಕಣ್ಣು ಮುಚ್ಚಿ ಒಪ್ಪಿಕೋ ಎನ್ನುತ್ತಾರೆ, ನನ್ನ ಹೆಂಡತಿ ಬೇಡವೇ ಬೇಡ ಎನ್ನುತ್ತಾಳೆ. ಇದು ಕಾನೂನಿಗೆ ಒಪ್ಪುವಂಥದ್ದೇ? ಪಿ.ಇಂಜಿ. (ಪ್ರೊಫೆಷನಲ್ ಇಂಜಿನಿಯರ್) ಪರವಾನಗಿಗೆ ಈ ಅನುಭವ ಲೆಕ್ಕಕ್ಕೆ ಬರುತ್ತದೆಯೇ? ಇನ್ನೊಂದು ಮಾತು: ಎಲ್ಲರೂ ನೆಟ್‌ವರ್ಕಿಂಗ್ ಮಾಡಿ ಎನ್ನುತ್ತಾರೆ, ಅದನ್ನು ಮಾಡುವುದು ಹೇಗೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಗುರುತು ಪರಿಚಯವಿಲ್ಲದವರ ಮುಂದೆ ನಿಂತು ಕೆಲಸ ಕೊಡಿ ಎಂದು ಕೇಳಲು ನನಗೆ ಬಾಯಿಯೇ ಬರುವುದಿಲ್ಲ.

ಕರಾವಳಿ ಹುಡುಗ
ನಿಮ್ಮ ಮನೆಯವರು ಹೇಳಿದ್ದೇ ಸರಿ. ಪೂರ್ತಿ ಹೊತ್ತು ದುಡಿಸಿಕೊಂಡು, ನೀವು ಬರೆದ ನಕ್ಷೆಯನ್ನು ಗಿರಾಕಿಗೆ ಮಾರಿ, ನಿಮ್ಮ ಕೈಗೆ ಏನೂ ಕೊಡದಿದ್ದರೆ ಅದಕ್ಕೆ ಯಾವ ಹೆಸರಿಟ್ಟರೂ ಬಿಟ್ಟಿ ಚಾಕರಿಯೇ.

ತುಂಗಾತೀರ
ನಾನು ಮಾನವ ಸಂಪನ್ಮೂಲ ವಿಭಾಗದಲ್ಲಿ ಕೆಲಸ ಮಾಡುವವಳು, ಆದ್ದರಿಂದ ಕಾನೂನಿನ ಪ್ರಶ್ನೆಗೆ ಉತ್ತರಿಸುತ್ತೇನೆ. ಒಂಟಾರಿಯೊದ ಎಂಪ್ಲಾಯ್‌ಮೆಂಟ್ ಸ್ಟ್ಯಾಂಡರ್ಡ್ಸ್ ಆ್ಯಕ್ಟ್‌ನ ಪ್ರಕಾರ, ಮಾಲೀಕನಿಂದ ತರಬೇತಿ ಪಡೆಯುವ ವ್ಯಕ್ತಿಯೂ, ಆ ಕೌಶಲವನ್ನು ಅಲ್ಲಿನ ನೌಕರರು ಬಳಸುತ್ತಿದ್ದರೆ, ನೌಕರನೇ ಆಗುತ್ತಾನೆ. ಮೊದಲು ಇದಕ್ಕೆ ಒಂದು ವಿನಾಯಿತಿ ಇತ್ತು: ಆರು ಷರತ್ತುಗಳನ್ನು ಪೂರೈಸಿದರೆ ಸಂಬಳ ಕೊಡದೆ ತರಬೇತಿ ಕೊಡಬಹುದಿತ್ತು. 2018ರ ಜನವರಿ 1ರಿಂದ ಆ ವಿನಾಯಿತಿಯನ್ನೇ ತೆಗೆದುಹಾಕಲಾಗಿದೆ. ಈಗ ಉಳಿದಿರುವ ಮುಖ್ಯ ವಿನಾಯಿತಿಯೆಂದರೆ, ಸ್ಕೂಲ್ ಬೋರ್ಡ್ (ಸ್ಥಳೀಯ ಸರ್ಕಾರಿ ಶಾಲೆಗಳನ್ನು ನಡೆಸುವ ಮಂಡಳಿ), ಕಾಲೇಜು ಅಥವಾ ವಿಶ್ವವಿದ್ಯಾಲಯದ ಅಧಿಕೃತ ಕಾರ್ಯಕ್ರಮದ ಭಾಗವಾಗಿ ಮಾಡುವ ಪ್ಲೇಸ್‌ಮೆಂಟ್. ನಿಮ್ಮನ್ನು ಯಾವ ಸಂಸ್ಥೆಯೂ ಕಳುಹಿಸಿಲ್ಲ, ನೀವೇ ನೇರವಾಗಿ ಹೋಗುತ್ತಿದ್ದೀರಿ. ಹಾಗಾಗಿ ಅವರು ಕನಿಷ್ಠ ವೇತನವನ್ನಾದರೂ ಕೊಡಲೇಬೇಕು. 2025ರ ಅಕ್ಟೋಬರ್ 1ರಿಂದ ಅದು ಗಂಟೆಗೆ 17.60 ಡಾಲರ್.

ಬ್ಯಾಂಕು, ಟೆಲಿಕಾಂ, ವಿಮಾನಯಾನದಂತಹ ಕ್ಷೇತ್ರಗಳು ಫೆಡರಲ್ ಕಾನೂನಿನ ಕೆಳಗೆ ಬರುತ್ತವೆ. ಅಲ್ಲಿಯೂ 2020ರ ಸೆಪ್ಟೆಂಬರ್ 1ರಿಂದ, ಓದಿನ ಭಾಗವಲ್ಲದ ಸಂಬಳರಹಿತ ಇಂಟರ್ನ್‌ಶಿಪ್‌ಗಳಿಗೆ ಅವಕಾಶವಿಲ್ಲ.

ಸ್ಕಾರ್ಬರೋ ಲೆಕ್ಕಪತ್ರ
ಕಾನೂನು ಸರಿ, ಆದರೆ ಸಂಬಳವಿಲ್ಲದ ಪ್ಲೇಸ್‌ಮೆಂಟ್ ಎಲ್ಲವೂ ಮೋಸ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಇಲ್ಲಿಗೆ ಬಂದ ಹೊಸದರಲ್ಲಿ ನಾನು ಸ್ಕೂಲ್ ಬೋರ್ಡ್‌ನವರು ವಯಸ್ಕರಿಗಾಗಿ ನಡೆಸುವ ಕೋ-ಆಪ್ (ತರಗತಿಯ ಜೊತೆಗೆ ಕೆಲಸದ ತರಬೇತಿಯೂ ಇರುವ) ಕೋರ್ಸಿಗೆ ಸೇರಿದ್ದೆ. ತರಗತಿ ಮುಗಿದ ಮೇಲೆ ಒಂದು ಸೇವಾ ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಪ್ಲೇಸ್‌ಮೆಂಟ್ ಕೊಡಿಸಿದರು. ಆಗ ಒಂಟಾರಿಯೊದಲ್ಲಿ ಎಚ್‌ಎಸ್‌ಟಿ ಎಂಬ ಒಗ್ಗೂಡಿಸಿದ ಮಾರಾಟ ತೆರಿಗೆ ಇನ್ನೂ ಬಂದಿರಲಿಲ್ಲ, ಕೇಂದ್ರದ ಜಿಎಸ್‌ಟಿ ಬೇರೆ, ಪ್ರಾಂತ್ಯದ ಪಿಎಸ್‌ಟಿ ಬೇರೆ. ಯಾವ ಬಿಲ್ಲಿಗೆ ಯಾವುದು ಅನ್ವಯಿಸುತ್ತದೆ, ಯಾವುದು ವಾಪಸ್ ಬರುತ್ತದೆ ಎಂಬುದನ್ನು ನಾನು ಕಲಿತದ್ದು ಅಲ್ಲಿನ ಬಿಲ್ಲುಗಳ ರಾಶಿಯ ಮುಂದೆ ಕುಳಿತೇ ಹೊರತು ಪುಸ್ತಕದಿಂದಲ್ಲ.

ಫೆಬ್ರವರಿ ಬಂತು. ತಿಂಗಳ ಕೊನೆಯೊಳಗೆ ಎಲ್ಲ ನೌಕರರಿಗೂ ಟಿ4 ಸ್ಲಿಪ್ (ವರ್ಷದ ಸಂಬಳ ಮತ್ತು ಕಡಿತಗಳ ವಿವರ) ಕೊಡಬೇಕಿತ್ತು. ನನ್ನ ಮೇಲ್ವಿಚಾರಕಿ ಪೇರೋಲ್ ಪಟ್ಟಿಯನ್ನು ನನ್ನ ಮುಂದಿಟ್ಟು, ವರ್ಷದ ಒಟ್ಟು ಮೊತ್ತ ಪ್ರತಿಯೊಬ್ಬರ ಸ್ಲಿಪ್‌ನೊಂದಿಗೆ ತಾಳೆಯಾಗುತ್ತದೆಯೇ ನೋಡಲು ಹೇಳಿದರು. ಒಬ್ಬರ ಪಿಂಚಣಿ ಕಡಿತ ಎರಡು ಸಲ ದಾಖಲಾಗಿದ್ದುದು ನನ್ನ ಕಣ್ಣಿಗೆ ಬಿತ್ತು. ಅವತ್ತಿನಿಂದ ಅವರು ನನ್ನನ್ನು ನೋಡುವ ರೀತಿಯೇ ಬದಲಾಯಿತು. ಆ ಸಂಸ್ಥೆಯಲ್ಲಿ ನನಗೆ ಕೆಲಸ ಸಿಗಲಿಲ್ಲ, ಅವರ ಬಳಿ ಹಣವಿರಲಿಲ್ಲ. ಆದರೆ ಅವರು ತಮ್ಮ ಪರಿಚಯದ ಇನ್ನೊಂದು ಕಚೇರಿಗೆ ತಾವಾಗಿಯೇ ಫೋನ್ ಮಾಡಿ ನನ್ನ ಬಗ್ಗೆ ಹೇಳಿದರು. ನನ್ನ ಮೊದಲ ಸಂಬಳದ ಕೆಲಸ ಬಂದದ್ದು ಆ ಫೋನಿನಿಂದ.

ಕರಾವಳಿ ಹುಡುಗ
ಅಕ್ಕ, ನಿಮ್ಮ ಅನುಭವವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಆ ದಿನಗಳಲ್ಲಿ ಮನೆಯ ಖರ್ಚನ್ನು ನೋಡಿಕೊಂಡವರು ಯಾರು? ನನ್ನ ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ಬಾಡಿಗೆ ಕಟ್ಟಿ, ಊರಿನಲ್ಲಿರುವ ತಂದೆ ತಾಯಿಗೂ ಕಳುಹಿಸಬೇಕಾದವನಿಗೆ ತಿಂಗಳುಗಟ್ಟಲೆ ಸಂಬಳವಿಲ್ಲದೆ ಇರಲು ಸಾಧ್ಯವೇ? ಗಂಡನೋ ಹೆಂಡತಿಯೋ ದುಡಿಯುತ್ತಿರುವವರಿಗೆ ಮಾತ್ರ ತೆರೆಯುವ ಬಾಗಿಲನ್ನು ಎಲ್ಲರಿಗೂ ಇರುವ ಅವಕಾಶ ಎಂದು ಹೊಗಳುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಸ್ಕಾರ್ಬರೋ ಲೆಕ್ಕಪತ್ರ
ಆ ಮಾತು ನಿಜ. ನನ್ನ ಯಜಮಾನರು ಆಗ ಕಾರ್ಖಾನೆಯಲ್ಲಿ ಎರಡು ಪಾಳಿ ಮಾಡುತ್ತಿದ್ದರು, ಅದಿಲ್ಲದೆ ನನ್ನಿಂದ ಆಗುತ್ತಿರಲಿಲ್ಲ. ಆದರೂ ವ್ಯತ್ಯಾಸವನ್ನು ಗಮನಿಸಿ. ಬೋರ್ಡ್‌ನ ಪ್ಲೇಸ್‌ಮೆಂಟ್‌ನಲ್ಲಿ ಏನು ಕಲಿಸಬೇಕೆಂದು ಬರೆದ ಒಪ್ಪಂದ ಇರುತ್ತದೆ, ಶಿಕ್ಷಕರು ಬಂದು ವಿಚಾರಿಸುತ್ತಾರೆ, ಕೆಲಸದ ಜಾಗದಲ್ಲಿ ಪೆಟ್ಟಾದರೆ ಡಬ್ಲ್ಯುಎಸ್‌ಐಬಿ ವಿಮೆ ಇರುತ್ತದೆ, ಮುಗಿಯುವ ದಿನವೂ ಗೊತ್ತಿರುತ್ತದೆ. ಧಾರವಾಡದವರಿಗೆ ಬಂದಿರುವ ಕರೆಯಲ್ಲಿ ಇವು ಯಾವುವೂ ಇಲ್ಲ.

ಕಬ್ಬಿಣದ ಕಂಬಿ
ನಾನೂ ಸ್ಟ್ರಕ್ಚರಲ್ ಇಂಜಿನಿಯರ್, ಪಿ.ಇಂಜಿ. ಪಡೆದವನು, ಈಗ ಹ್ಯಾಮಿಲ್ಟನ್‌ನಲ್ಲಿದ್ದೇನೆ. ಮೊದಲು ಪರವಾನಗಿಯ ವಿಷಯ. ಪ್ರೊಫೆಷನಲ್ ಇಂಜಿನಿಯರ್ಸ್ ಒಂಟಾರಿಯೊ ಸಂಸ್ಥೆ ಮೊದಲು 48 ತಿಂಗಳ ಅನುಭವದಲ್ಲಿ 12 ತಿಂಗಳು ಕೆನಡಾದಲ್ಲಿಯೇ ಆಗಿರಬೇಕು ಎನ್ನುತ್ತಿತ್ತು. 2023ರ ಮೇ ತಿಂಗಳಲ್ಲಿ ಆ ಷರತ್ತನ್ನು ತೆಗೆದುಹಾಕಿದರು. ನಿಮ್ಮ ಬೆಂಗಳೂರಿನ ಕೆಲಸವನ್ನೇ ಸಾಮರ್ಥ್ಯಗಳ ಆಧಾರದ ಮೇಲೆ ವಿವರಿಸಿ, ಅದನ್ನು ಬಲ್ಲ ಇಂಜಿನಿಯರ್‌ಗಳಿಂದ ದೃಢೀಕರಣ ಪಡೆದು ಅರ್ಜಿ ಹಾಕಬಹುದು. ಎನ್‌ಪಿಪಿಇ ಎಂಬ ವೃತ್ತಿನೀತಿ ಮತ್ತು ಕಾನೂನಿನ ಪರೀಕ್ಷೆ ಎಲ್ಲರಿಗೂ ಇದೆ. ಆದ್ದರಿಂದ ಪರವಾನಗಿಯ ಆಸೆಗಾಗಿ ಈ ಪ್ಲೇಸ್‌ಮೆಂಟ್ ಒಪ್ಪಿಕೊಳ್ಳುವ ಅಗತ್ಯವೇ ಇಲ್ಲ.

ಆದರೆ ಮಾಲೀಕರು ಅನುಭವ ಎಂದಾಗ ಅವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದನ್ನೂ ಅರ್ಥ ಮಾಡಿಕೊಳ್ಳಬೇಕು. ಕೆಲವರದು ಬರೀ ಪೂರ್ವಗ್ರಹ, ಅದರ ಬಗ್ಗೆ ನನಗೆ ಅನುಮಾನವಿಲ್ಲ. ಕೆಲವರ ಆತಂಕದಲ್ಲಿ ಮಾತ್ರ ಹುರುಳಿದೆ. ನಾವು ಭಾರತದ ವಿನ್ಯಾಸ ಸಂಹಿತೆಗಳಾದ ಐಎಸ್ 456 (ಕಾಂಕ್ರೀಟ್) ಮತ್ತು ಐಎಸ್ 800 (ಉಕ್ಕು) ಓದಿ ಬೆಳೆದವರು. ಇಲ್ಲಿ ಕಾಂಕ್ರೀಟಿಗೆ ಸಿಎಸ್‌ಎ ಎ23.3, ಉಕ್ಕಿಗೆ ಎಸ್16. ಊರಿನಲ್ಲಿ 16 ಮಿಲಿಮೀಟರ್ ಕಂಬಿ ಎಂದು ಬರೆಯುತ್ತಿದ್ದ ಕಡೆ ಇಲ್ಲಿ 15ಎಂ ಎಂದು ಬರೆಯಬೇಕು, 20ಎಂ ಕಂಬಿಯ ವ್ಯಾಸ 19.5 ಮಿಲಿಮೀಟರ್. ಟೊರೊಂಟೊ ಸುತ್ತಮುತ್ತ ಪಾಯವನ್ನು ಹಿಮಗಟ್ಟುವ ಮಟ್ಟಕ್ಕಿಂತ ಕೆಳಗೆ, ಎಂದರೆ ಸುಮಾರು 1.2 ಮೀಟರ್ ಆಳಕ್ಕೆ ಒಯ್ಯಬೇಕು, ಛಾವಣಿಗೆ ಹಿಮದ ಭಾರ ಲೆಕ್ಕ ಹಾಕಬೇಕು. ಲೆಕ್ಕವೆಲ್ಲ ಮೆಟ್ರಿಕ್‌ನಲ್ಲಿ ನಡೆಯುತ್ತದೆ, ಆದರೆ ಸೈಟಿಗೆ ಹೋದರೆ ಬಡಗಿ ಅಡಿ ಮತ್ತು ಇಂಚಿನಲ್ಲೇ ಮಾತನಾಡುತ್ತಾನೆ. ಇದನ್ನೆಲ್ಲ ಕಲಿಯಲು ವರ್ಷಗಳು ಬೇಕಿಲ್ಲ, ಕೆಲವು ವಾರ ಗಟ್ಟಿಯಾಗಿ ಕುಳಿತರೆ ಸಾಕು. ಕಲಿತಿದ್ದೇನೆ ಎಂದು ತೋರಿಸುವುದೇ ಕಷ್ಟದ ಭಾಗ.

ಹಾಸನ ಟು ಹ್ಯಾಲಿಫ್ಯಾಕ್ಸ್
ಪೂರ್ವಗ್ರಹದ ಮಾತು ಬಂದಿದ್ದರಿಂದ ಹೇಳುತ್ತೇನೆ. ಟೊರೊಂಟೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫಿಲಿಪ್ ಒರಿಯೊಪೌಲೋಸ್ ಸಾವಿರಾರು ಕಾಲ್ಪನಿಕ ರೆಸ್ಯೂಮೆಗಳನ್ನು ಟೊರೊಂಟೊ ಪ್ರದೇಶದ ಮಾಲೀಕರಿಗೆ ಕಳುಹಿಸಿ ಅಧ್ಯಯನ ಮಾಡಿದ್ದರು, 2011ರಲ್ಲಿ ಅದು ಪ್ರಕಟವಾಯಿತು. ಓದು, ಅನುಭವ ಎಲ್ಲವೂ ಒಂದೇ ರೀತಿ ಇದ್ದರೂ ಭಾರತೀಯ, ಚೀನೀ, ಪಾಕಿಸ್ತಾನಿ ಹೆಸರುಗಳಿಗಿಂತ ಇಂಗ್ಲಿಷ್ ಹೆಸರುಗಳಿಗೆ ಗಣನೀಯವಾಗಿ ಹೆಚ್ಚು ಕರೆಗಳು ಬಂದವು. ಅನುಭವ ಹೊರದೇಶದ್ದಾದಾಗ ಕರೆಗಳು ಇನ್ನೂ ಕುಸಿದವು. ಹೀಗಿರುವಾಗ ಎಲ್ಲ ಹೊರೆಯನ್ನೂ ವಲಸಿಗನ ತಲೆಯ ಮೇಲೆ ಹೊರಿಸಿ, ನೀನು ಕಲಿ, ನೀನು ತೋರಿಸು, ನೀನು ಬಿಟ್ಟಿಯಾಗಿ ದುಡಿ ಎನ್ನುವುದು ಸರಿಯೇ?

ಕಬ್ಬಿಣದ ಕಂಬಿ
ಸರಿಯಲ್ಲ. ಆದರೆ ನಾಳೆ ಬಾಡಿಗೆ ಕಟ್ಟಬೇಕಾದವರಿಗೆ ಸಮಾಜ ಬದಲಾಗುವವರೆಗೆ ಕಾಯಲು ಆಗುವುದಿಲ್ಲ. ಎರಡು ಮಾತೂ ಒಟ್ಟಿಗೆ ಇರಲಿ ಎಂದಷ್ಟೇ ನನ್ನ ವಾದ. ಆ ಅಧ್ಯಯನವನ್ನೇ ಇನ್ನೊಂದು ಕಡೆಯಿಂದ ನೋಡಿ: ಜಾಹೀರಾತು ನೋಡಿ ರೆಸ್ಯೂಮೆ ಕಳುಹಿಸುವ ದಾರಿಯೇ ನಮ್ಮ ಹೆಸರಿನವರಿಗೆ ಅತಿ ಕಿರಿದಾದದ್ದು ಎಂದಾದರೆ, ಮನುಷ್ಯರ ಮೂಲಕ ಹೋಗುವ ದಾರಿಯನ್ನು ಹುಡುಕಲೇಬೇಕಲ್ಲವೇ?

ಬೆಳಗಾವಿ ಬ್ರಾಂಪ್ಟನ್
2026ರ ಜನವರಿ 1ರಿಂದ ಒಂಟಾರಿಯೊದಲ್ಲಿ, 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಾರ್ವಜನಿಕ ಜಾಹೀರಾತಿನಲ್ಲಿ ಕೆನಡಿಯನ್ ಅನುಭವ ಬೇಕು ಎಂದು ಬರೆಯುವಂತಿಲ್ಲ. ಅರ್ಜಿ ನಮೂನೆಯಲ್ಲಿಯೂ ಕೇಳುವಂತಿಲ್ಲ. ಇದನ್ನು ಯಾರೂ ಹೇಳಲಿಲ್ಲವಲ್ಲ!

ಹಾಸನ ಟು ಹ್ಯಾಲಿಫ್ಯಾಕ್ಸ್
ಬರೆಯುವಂತಿಲ್ಲ, ಸರಿ. ಮನಸ್ಸಿನಲ್ಲಿ ಇಟ್ಟುಕೊಳ್ಳುವುದನ್ನು ತಡೆಯುವವರು ಯಾರು? ಒಂಟಾರಿಯೊ ಮಾನವ ಹಕ್ಕುಗಳ ಆಯೋಗ 2013ರಲ್ಲಿಯೇ ಈ ಷರತ್ತು ತಾರತಮ್ಯವಾಗುತ್ತದೆ ಎಂದು ನೀತಿ ಪ್ರಕಟಿಸಿತ್ತು. ಅದಾದ ಮೇಲೂ ನಮ್ಮವರು ಅದೇ ಮಾತನ್ನು ಕೇಳುತ್ತಲೇ ಬಂದಿದ್ದಾರೆ.

ತುಂಗಾತೀರ
ಹಾಗೆಂದು ಕಾನೂನು ನಿಷ್ಪ್ರಯೋಜಕ ಎನ್ನಬೇಡಿ. ಜಾಹೀರಾತಿನಲ್ಲಿ ಆ ಸಾಲು ಕಂಡು ಅರ್ಜಿಯನ್ನೇ ಹಾಕದೆ ಹಿಂದೆ ಸರಿಯುತ್ತಿದ್ದವರು ಎಷ್ಟೋ ಜನ. ಅವರು ಈಗ ಅರ್ಜಿ ಹಾಕುತ್ತಾರೆ. ಅದೇ ಒಂದು ಬದಲಾವಣೆ.

ದಾವಣಗೆರೆ ಡಾಕ್ಟರ್
ವೈದ್ಯರ ಸ್ಥಿತಿ ಇದಕ್ಕಿಂತ ಕಠಿಣ. ನಮ್ಮಲ್ಲಿ ಅಬ್ಸರ್ವರ್‌ಶಿಪ್ ಎನ್ನುತ್ತಾರೆ. ಕ್ಲಿನಿಕ್ಕಿನ ಮೂಲೆಯಲ್ಲಿ ನಿಂತು ನೋಡಬಹುದೇ ವಿನಾ ರೋಗಿಯ ನಾಡಿಯನ್ನೂ ಮುಟ್ಟುವಂತಿಲ್ಲ. ಊರಿನಲ್ಲಿ ಹೆರಿಗೆ ಮಾಡಿಸಿ, ತುರ್ತು ವಾರ್ಡ್ ನಡೆಸಿ ಬಂದವರು ಇಲ್ಲಿ ಹಾಗೆ ನಿಲ್ಲುತ್ತಾರೆ. ಅದಕ್ಕೂ ಶುಲ್ಕ ಕೇಳಿದ ಮಧ್ಯವರ್ತಿಯೊಬ್ಬರು ನನಗೆ ಸಿಕ್ಕಿದ್ದರು. 2023ರಲ್ಲಿ ಆರಂಭವಾದ ಪ್ರಾಕ್ಟೀಸ್ ರೆಡಿ ಒಂಟಾರಿಯೊ ಎಂಬ ಕಾರ್ಯಕ್ರಮ ಬೇರೆ ರೀತಿಯದು. ಅಲ್ಲಿ 12 ವಾರ ನಿಜವಾದ ಕೆಲಸದಲ್ಲಿಟ್ಟು ಮೌಲ್ಯಮಾಪನ ಮಾಡುತ್ತಾರೆ, ತೇರ್ಗಡೆಯಾದವರು ವೈದ್ಯರ ಕೊರತೆಯಿರುವ ಊರುಗಳಲ್ಲಿ ಮೂರು ವರ್ಷ ಸೇವೆ ಸಲ್ಲಿಸಬೇಕು. ನನ್ನ ಕೆಲಸವನ್ನು ನೋಡಿ ನನ್ನನ್ನು ಅಳೆಯಲಿ, ಮೂಲೆಯಲ್ಲಿ ನಿಲ್ಲಿಸಿ ಅಳೆಯುವುದು ಹೇಗೆ?

ಮೈಸೂರು ಮೆಲ್ಬರ್ನ್
ಆಸ್ಟ್ರೇಲಿಯಾದಲ್ಲಿಯೂ ಇದೇ ಕತೆ, "ಲೋಕಲ್ ಎಕ್ಸ್‌ಪೀರಿಯನ್ಸ್" ಎನ್ನುತ್ತಾರೆ ಅಷ್ಟೇ. ಇಲ್ಲಿ ಓದಿದ ಅಕೌಂಟಿಂಗ್, ಐಟಿ, ಇಂಜಿನಿಯರಿಂಗ್ ಪದವೀಧರರಿಗೆ ಪ್ರೊಫೆಷನಲ್ ಇಯರ್ ಎಂಬ 44 ವಾರಗಳ ಕಾರ್ಯಕ್ರಮವಿದೆ. ಅದರಲ್ಲಿ 12 ವಾರ ಇಂಟರ್ನ್‌ಶಿಪ್, ಬಹುತೇಕ ಸಂಬಳವಿಲ್ಲದ್ದು. ಪಿಆರ್‌ಗೆ ಐದು ಅಂಕ ಸಿಗುತ್ತದೆ ಎಂಬ ಕಾರಣಕ್ಕೆ ಸಾವಿರಾರು ಡಾಲರ್ ಶುಲ್ಕ ಕಟ್ಟಿ ಸೇರುತ್ತಾರೆ. ನನ್ನ ತಮ್ಮನಿಗೆ ಸಿಕ್ಕ ಜಾಗದಲ್ಲಿ ಕಲಿಸುವವರೇ ಇರಲಿಲ್ಲ, ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸಿದರು. ಅವನ ತರಗತಿಯ ಇನ್ನೊಬ್ಬಳಿಗೆ ಒಳ್ಳೆಯ ತಂಡ ಸಿಕ್ಕಿ, ಅಲ್ಲಿಯೇ ಕೆಲಸವೂ ಆಯಿತು. ಕಾರ್ಯಕ್ರಮ ಒಂದೇ, ಫಲ ಬೇರೆ. ಪಕ್ಕದ ಮೇಜಿನಲ್ಲಿ ಯಾರು ಕುಳಿತಿರುತ್ತಾರೆ ಎಂಬುದನ್ನು ಮೊದಲು ವಿಚಾರಿಸಿ.

ಕಬ್ಬಿಣದ ಕಂಬಿ
ಇದೇ ಮುಖ್ಯ. ಧಾರವಾಡದವರೇ, ಆ ಕಚೇರಿಯಲ್ಲಿ ಪಿ.ಇಂಜಿ. ಇರುವ ಇಂಜಿನಿಯರ್ ದಿನವೂ ಇರುತ್ತಾರೆಯೇ, ಅಥವಾ ವಾರಕ್ಕೊಮ್ಮೆ ಬಂದು ಮುದ್ರೆ ಹಾಕಿ ಹೋಗುತ್ತಾರೆಯೇ? ನಿಮ್ಮ ಲೆಕ್ಕವನ್ನು ತಿದ್ದುವವರು ಯಾರು? ನಾಳೆ ನಿಮ್ಮ ಬಗ್ಗೆ ಫೋನಿನಲ್ಲಿ ಒಳ್ಳೆಯ ಮಾತು ಹೇಳುವ ವ್ಯಕ್ತಿಯ ಹೆಸರನ್ನು ಈಗಲೇ ಹೇಳಲು ಅವರಿಗೆ ಸಾಧ್ಯವೇ? ಲೆಕ್ಕಪತ್ರದ ಅಕ್ಕನಿಗೆ ಕೆಲಸ ಕೊಡಿಸಿದ್ದು ಪ್ಲೇಸ್‌ಮೆಂಟ್ ಎಂಬ ಪದವಲ್ಲ, ಅವರ ಕೆಲಸವನ್ನು ಹತ್ತಿರದಿಂದ ಕಂಡ ಆ ಮೇಲ್ವಿಚಾರಕಿ.

ಮಲೆನಾಡ ಮಳೆ
ನೆಟ್‌ವರ್ಕಿಂಗ್ ಪ್ರಶ್ನೆಯನ್ನು ಎಲ್ಲರೂ ಬಿಟ್ಟುಬಿಟ್ಟಿದ್ದೀರಿ. ನನ್ನ ಪ್ರಕಾರ ಕನ್ನಡ ಸಂಘದ ಕಾರ್ಯಕ್ರಮಗಳಿಗೆ ಹೋಗಿ, ಯುಗಾದಿ ಊಟದಲ್ಲಿ ನಾಲ್ಕು ಜನರ ಪರಿಚಯ ಮಾಡಿಕೊಳ್ಳಿ. ನಮ್ಮವರೇ ನಮಗೆ ಆಗದಿದ್ದರೆ ಇನ್ಯಾರು ಆಗುತ್ತಾರೆ?

ಬೆಳಗಾವಿ ಬ್ರಾಂಪ್ಟನ್
ನಮ್ಮವರು ಊಟ ಹಾಕುತ್ತಾರೆ, ಮನೆ ಹುಡುಕಿಕೊಡುತ್ತಾರೆ, ಮಕ್ಕಳಿಗೆ ಜಾಕೆಟ್ ಕೊಡುತ್ತಾರೆ. ಅದಕ್ಕೆ ನಾನು ಸದಾ ಋಣಿ. ಆದರೆ ರೆಫರಲ್ ಕೇಳಿದರೆ ಹಿಂದೆ ಮುಂದೆ ನೋಡುತ್ತಾರೆ.

ಮಲೆನಾಡ ಮಳೆ
ಹಿಂದೆ ಮುಂದೆ ನೋಡುವುದಕ್ಕೆ ಕಾರಣವಿದೆ. ನಾನು ಯಾರನ್ನಾದರೂ ರೆಫರ್ ಮಾಡಿದರೆ ನನ್ನ ಹೆಸರನ್ನೂ ಪಣಕ್ಕಿಟ್ಟಂತೆ. ಹಬ್ಬದ ಊಟದಲ್ಲಿ ಪಕ್ಕ ಕುಳಿತು ಮಾತನಾಡಿದ ಮಾತ್ರಕ್ಕೆ ಅವರು ಎಂಥ ಕೆಲಸಗಾರ ಎಂದು ನನಗೆ ಹೇಗೆ ಗೊತ್ತಾಗಬೇಕು? ನಿಮ್ಮ ಕೆಲಸದ ಬಗ್ಗೆ ನನ್ನೊಂದಿಗೆ ಮಾತನಾಡಿ, ಮಾಡಿದ್ದನ್ನು ತೋರಿಸಿ, ಆಗ ನಾನೂ ಧೈರ್ಯವಾಗಿ ಹೇಳಬಲ್ಲೆ. ಇನ್ನೊಂದು ತೊಂದರೆ, ನಮ್ಮ ಸಂಘದಲ್ಲಿ ಹೆಚ್ಚಿನವರು ಸಾಫ್ಟ್‌ವೇರ್‌ನವರು. ಸ್ಟ್ರಕ್ಚರಲ್ ಇಂಜಿನಿಯರ್‌ಗೆ ನಮ್ಮಿಂದ ಆಗುವ ಸಹಾಯ ಕಡಿಮೆಯೇ.

ಲೇಕ್‌ಶೋರ್ ವಾಸಿ
ನಾನು ಇಲ್ಲಿ ಹೊಸಬರಿಗೆ ಮೆಂಟರ್ ಆಗಿದ್ದೇನೆ, ಟ್ರೈಕ್ ಸಂಸ್ಥೆಯ ಮೆಂಟರಿಂಗ್ ಪಾರ್ಟ್‌ನರ್‌ಶಿಪ್ ಮೂಲಕ. 2004ರಿಂದ ನಡೆಯುತ್ತಿರುವ ಕಾರ್ಯಕ್ರಮ ಅದು. ನಿಮ್ಮದೇ ವೃತ್ತಿಯಲ್ಲಿ ಇರುವ ಒಬ್ಬರನ್ನು ಕೆಲವು ತಿಂಗಳ ಮಟ್ಟಿಗೆ ನಿಮ್ಮೊಂದಿಗೆ ಜೋಡಿಸುತ್ತಾರೆ, ನೀವು ಹಣ ಕೊಡಬೇಕಿಲ್ಲ. ಆಕ್ಸೆಸ್ ಎಂಪ್ಲಾಯ್‌ಮೆಂಟ್‌ನವರು ಸ್ಪೀಡ್ ಮೆಂಟರಿಂಗ್ ನಡೆಸುತ್ತಾರೆ, ಅಲ್ಲಿ ಒಂದೇ ಸಂಜೆ ಹಲವು ವೃತ್ತಿಪರರೊಂದಿಗೆ ಸರದಿಯಲ್ಲಿ ಮಾತನಾಡಬಹುದು. ಸಂಬಳ ಸಹಿತ ಇಂಟರ್ನ್‌ಶಿಪ್ ಬೇಕೆನ್ನುವವರು ಕರಿಯರ್ ಎಡ್ಜ್ ನೋಡಿ. ಸಂಬಳ ಕೊಟ್ಟು ಇಂಟರ್ನ್‌ಶಿಪ್ ನಡೆಸುವ ವ್ಯವಸ್ಥೆ 1996ರಿಂದಲೇ ಇರುವಾಗ, ಬಿಟ್ಟಿ ದುಡಿಮೆಯೇ ಏಕೈಕ ದಾರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಈಗ ಬಾಯಿಯೇ ಬರುವುದಿಲ್ಲ ಎಂಬ ಮಾತಿಗೆ. ಕೆಲಸ ಕೊಡಿ ಎಂದು ಕೇಳಲೇಬೇಡಿ. ಕೇಳಿದ ತಕ್ಷಣ ಎದುರಿನವರು, ಈಗ ಖಾಲಿ ಇಲ್ಲ, ರೆಸ್ಯೂಮೆ ಕಳುಹಿಸಿ ಎಂದು ಮಾತು ಮುಗಿಸುತ್ತಾರೆ. ಅವರ ಕೆಲಸದ ಬಗ್ಗೆ ಕೇಳಿ. ಕಳೆದ ಸಲ ನನ್ನ ಬಳಿ ಬಂದಿದ್ದ ಒಬ್ಬ ಜಲ ಇಂಜಿನಿಯರ್, ನಮ್ಮ ನಗರದ ಹಳೆಯ ಕೊಳವೆಗಳನ್ನು ಅಗೆಯದೆ ಒಳಗಿನಿಂದಲೇ ಹೊಸ ಪದರ ಹಾಕಿ ಸರಿಪಡಿಸುವ ವಿಧಾನದ ಬಗ್ಗೆ ಓದಿಕೊಂಡು ಬಂದು, ಚಳಿಗಾಲದಲ್ಲಿ ಮನೆಗಳಿಗೆ ತಾತ್ಕಾಲಿಕ ನೀರನ್ನು ಹೇಗೆ ಕೊಡುತ್ತೀರಿ ಎಂದು ಕೇಳಿದರು. ಇಪ್ಪತ್ತು ನಿಮಿಷವೆಂದು ಕುಳಿತ ನಾನು ಒಂದು ಗಂಟೆ ಮಾತನಾಡಿದೆ. ನನ್ನ ಸಹೋದ್ಯೋಗಿಗೆ ಅವರನ್ನು ಪರಿಚಯಿಸಲು ಅವರು ಕೇಳಬೇಕಾಗಲೇ ಇಲ್ಲ.

ಕರಾವಳಿ ಹುಡುಗ
ಇದು ಒಳ್ಳೆಯ ಮಾತು. ಆದರೆ ರಾತ್ರಿ ಪಾಳಿ ಮಾಡುವವರು ಮೆಂಟರ್ ಜೊತೆ ಕಾಫಿ ಕುಡಿಯಲು ಹಗಲು ಡೌನ್‌ಟೌನ್‌ಗೆ ಬರಬೇಕೆಂದರೆ ನಿದ್ದೆ ಬಿಡಬೇಕು, ಗೋ ಟ್ರೈನ್ ಟಿಕೆಟ್ ಕೊಳ್ಳಬೇಕು. ಮೆಂಟರ್‌ಗಳು ವಿಡಿಯೋ ಕರೆಗೂ ಒಪ್ಪಬೇಕು.

ಲೇಕ್‌ಶೋರ್ ವಾಸಿ
ಒಪ್ಪುತ್ತೇವೆ. ಕೇಳುವವರು ಸಂಕೋಚಪಡದೆ ಕೇಳಲಿ.

ಧಾರವಾಡದ ಸ್ಟ್ರಕ್ಚರಲ್
ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿಮ್ಮ ಪ್ರಶ್ನೆಗಳನ್ನು ಹಿಡಿದುಕೊಂಡು ಆ ಕಚೇರಿಗೆ ಫೋನ್ ಮಾಡಿದೆ. ಪಿ.ಇಂಜಿ. ಇರುವವರು ಹೊರಗಿನವರು, ನಕ್ಷೆ ಮುಗಿದ ಮೇಲೆ ನೋಡುತ್ತಾರೆ ಎಂದರು. ಯಾರ ಕೈಕೆಳಗೆ ಕಲಿಯುತ್ತೇನೆ ಎಂದು ಕೇಳಿದ್ದಕ್ಕೆ, ಕಲಿಯುವುದೇನಿದೆ, ನಿಮಗೆ ರೆವಿಟ್ (ನಕ್ಷೆ ಬರೆಯುವ ಸಾಫ್ಟ್‌ವೇರ್) ಬರುತ್ತದಲ್ಲ ಎಂದರು. ಕನಿಷ್ಠ ವೇತನ ಕೊಟ್ಟರೆ ವಾರಕ್ಕೆ ಎರಡು ದಿನ ಬರುತ್ತೇನೆ ಎಂದೆ, ಆಗುವುದಿಲ್ಲ ಎಂದರು. ನಾನೂ ಆಗುವುದಿಲ್ಲ ಎಂದು ಹೇಳಿದ್ದೇನೆ. ಮೆಂಟರಿಂಗ್‌ಗೆ ಹೆಸರು ನೋಂದಾಯಿಸಿದ್ದೇನೆ. ಮೆಂಟರ್ ಸಿಕ್ಕಾಗ ಅವರ ಮುಂದೆ ಏನನ್ನು ಇಡಲಿ? ಹಳೆಯ ಕಂಪನಿಯ ನಕ್ಷೆಗಳನ್ನು ತೋರಿಸುವಂತಿಲ್ಲ.

ಬೆಳಗಾವಿ ಬ್ರಾಂಪ್ಟನ್
ಒಳ್ಳೆಯ ನಿರ್ಧಾರ. ಇನ್ನೊಂದು ಎಚ್ಚರಿಕೆ: ಹಣ ಕೊಟ್ಟರೆ ಪ್ಲೇಸ್‌ಮೆಂಟ್ ಕೊಡಿಸುತ್ತೇವೆ, ಅನುಭವ ಪತ್ರ ಕೊಡುತ್ತೇವೆ ಎನ್ನುವವರ ಕರೆಗಳು ಬರುತ್ತವೆ, ನನಗೂ ಬಂದಿದ್ದವು. ಫೋನ್ ಇಟ್ಟುಬಿಡಿ.

ತುಂಗಾತೀರ
ಅದಕ್ಕೆ ಸೇರಿಸುತ್ತೇನೆ. ಟೆಂಪ್ ಏಜೆನ್ಸಿಗಳು, ಎಂದರೆ ತಾತ್ಕಾಲಿಕ ಕೆಲಸಕ್ಕೆ ಜನರನ್ನು ಒದಗಿಸುವ ಸಂಸ್ಥೆಗಳು, ಕೆಲಸ ಹುಡುಕುವವರಿಂದ ಶುಲ್ಕ ಪಡೆಯುವಂತಿಲ್ಲ. 2024ರ ಜುಲೈ 1ರಿಂದ ಒಂಟಾರಿಯೊದಲ್ಲಿ ಟೆಂಪ್ ಏಜೆನ್ಸಿಗಳಿಗೂ ರಿಕ್ರೂಟರ್‌ಗಳಿಗೂ ಪರವಾನಗಿ ಕಡ್ಡಾಯ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಈಗಾಗಲೇ ಸಂಬಳವಿಲ್ಲದೆ ದುಡಿದಿದ್ದರೆ, ಸಾಮಾನ್ಯವಾಗಿ ಎರಡು ವರ್ಷಗಳ ಒಳಗೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಹೋದ ದಿನ, ಗಂಟೆ, ಮಾಡಿದ ಕೆಲಸ, ಬಂದ ಇಮೇಲ್ ಎಲ್ಲವನ್ನೂ ತೆಗೆದಿಟ್ಟುಕೊಳ್ಳಿ.

ಕಬ್ಬಿಣದ ಕಂಬಿ
ಹಳೆಯ ಕಂಪನಿಯ ನಕ್ಷೆ ಬೇಡವೇ ಬೇಡ. ನೀವೇ ಒಂದು ಸಣ್ಣ ಎರಡಂತಸ್ತಿನ ಕಟ್ಟಡವನ್ನು ಕಲ್ಪಿಸಿಕೊಳ್ಳಿ. ಅದರ ಒಂದು ತೊಲೆ, ಒಂದು ಕಂಬ, ಒಂದು ಪಾಯವನ್ನು ಐಎಸ್ 456ರ ಪ್ರಕಾರ ಲೆಕ್ಕ ಹಾಕಿ, ಪಕ್ಕದಲ್ಲಿಯೇ ಎ23.3ರ ಪ್ರಕಾರವೂ ಲೆಕ್ಕ ಹಾಕಿ. ಎರಡರ ಸುರಕ್ಷತಾ ಗುಣಾಂಕಗಳು ಎಲ್ಲಿ ಬೇರೆಯಾಗುತ್ತವೆ, ಹಿಮದ ಭಾರ ಸೇರಿಸಿದಾಗ ಯಾವ ಲೋಡ್ ಕಾಂಬಿನೇಷನ್ ನಿರ್ಣಾಯಕವಾಗುತ್ತದೆ ಎಂಬುದನ್ನು ಅಂಚಿನಲ್ಲಿ ಬರೆಯಿರಿ. ಕಂಬಿಯ ವಿವರವನ್ನು ಇಲ್ಲಿನ ಅಳತೆಯಲ್ಲೇ ಕೊಡಿ. ಎಲ್ಲ ಸೇರಿ ಐದಾರು ಪುಟ ಸಾಕು. ಕೆನಡಿಯನ್ ಅನುಭವ ಇಲ್ಲವಲ್ಲ ಎಂದು ಯಾರಾದರೂ ಹೇಳಿದಾಗ ಅದನ್ನು ಅವರ ಮುಂದಿಟ್ಟು, ಇದರಲ್ಲಿ ತಪ್ಪೇನಿದೆ ತೋರಿಸಿ ಎಂದು ಕೇಳಿ. ಮುಗಿದ ಮೇಲೆ ನನಗೂ ಕಳುಹಿಸಿ, ಶನಿವಾರ ಬೆಳಿಗ್ಗೆ ಫೋನಿನಲ್ಲಿ ಸಾಲು ಸಾಲಾಗಿ ನೋಡೋಣ.